‘ದಿ’ ಬಂದ ದಾರಿ

ನಾಗಸಂದ್ರ, ದಾಸರಹಳ್ಳಿ, ಪೀಣ್ಯದ ಕಡೆ ಕೆಲಸಕ್ಕೆ ಬರುವ ಐಟಿಐ, ಡಿಪ್ಲೊಮಾ ಹುಡುಗರು ಇಂಗ್ಲಿಷ್ ಕಲಿಯಲು ಕೂತಾಗ ಸಾಮಾನ್ಯವಾಗಿ ಕೇಳುವ ಮಾತು ಒಂದೇ: ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ‘ಎ’, ‘ದಿ’ ನಿಯಮಗಳನ್ನು ಬಾಯಿಪಾಠ ಮಾಡಿ. ಮೊದಲರ್ಧ ನಿಜ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣದಲ್ಲೂ ಅಂಥ ವರ್ಗವಿಲ್ಲ. ಆದರೆ ಇಂಗ್ಲಿಷಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಆ’ ಎಂದು ತೋರಿಸುವ ಪದವೇ ಸವೆದು ‘ದಿ’ ಆಯಿತು. ‘ಒಂದು’ ಎಂಬ ಸಂಖ್ಯೆ ಸವೆದು ‘ಎ’, ‘ಆ್ಯನ್’ ಆದವು. ಇವನ್ನೂ ‘ದಿಸ್’, ‘ಮೈ’, ‘ಸಮ್’ಗಳನ್ನೂ ಒಂದೇ ಗುಂಪಿಗೆ ಸೇರಿಸುವ ‘ಡಿಟರ್ಮಿನರ್’ ಎಂಬ ಹೆಸರಂತೂ ತೀರ ಈಚಿನದು. ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ 1933ರ ತಮ್ಮ ಗ್ರಂಥದಲ್ಲಿ ಅದನ್ನು ಬಳಸಿದರು. ಇಂಗ್ಲಿಷ್ ಯಾವ ಸಾಮಗ್ರಿಯಿಂದ ಆರ್ಟಿಕಲ್ ಕಟ್ಟಿಕೊಂಡಿತೋ ಆ ಸಾಮಗ್ರಿ, ಅಂದರೆ ‘ಆ’ ಮತ್ತು ‘ಒಂದು’, ನಮ್ಮಲ್ಲೂ ಇದೆ.

ಹಾಗಿದ್ದರೆ ‘ದಿ’ ಕಂಡಲ್ಲೆಲ್ಲ ‘ಆ’ ಎಂದುಕೊಂಡರೆ ಸಾಕಲ್ಲ ಎಂದು ಕೇಳಬಹುದು. ಸಾಲದು. 2015ರ ಮೇಯಿಂದ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮೆಟ್ರೊ ಓಡುವ ತನಕ ಹಸಿರು ಮಾರ್ಗಕ್ಕೆ ಈ ತುದಿಯಲ್ಲಿ ನಾಗಸಂದ್ರವೇ ಕೊನೆಯ ನಿಲ್ದಾಣವಾಗಿತ್ತು. ಒಂದು ತುದಿಗೆ ಕೊನೆಯ ನಿಲ್ದಾಣ ಇರುವುದು ಒಂದೇ ಆದ್ದರಿಂದ ಇಂಗ್ಲಿಷ್ ಅಲ್ಲಿ ‘ದಿ’ ಕೇಳುತ್ತದೆ. ಕನ್ನಡದವರು ‘ಆ ಕೊನೆಯ ನಿಲ್ದಾಣ’ ಎನ್ನುವುದಿಲ್ಲ. ಸವೆದ ಪದ ತೋರಿಸುವ ಕೆಲಸ ಬಿಟ್ಟು, ಕೇಳುವವನಿಗೆ ಯಾವುದೆಂದು ಗೊತ್ತಿದೆ ಎಂದು ಸೂಚಿಸುವ ಕೆಲಸಕ್ಕೆ ನಿಂತಿದೆ.

ಆ ಸೂಚನೆ ನಮಗೆ ಹೊಸದೇ? ಲೇತ್ ಮುಂದೆ ನಿಂತವನು ‘ಸ್ಪ್ಯಾನರ್ ಕೊಡು’ ಎಂದರೆ ಯಾವುದಾದರೂ ಆದೀತು. ‘ಸ್ಪ್ಯಾನರ್‌ನ ಕೊಡು’ ಎಂದರೆ ಅವನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಸ್ಪ್ಯಾನರ್ ಇರುವ ಸಾಧ್ಯತೆ ಹೆಚ್ಚು. ಬರಹದಲ್ಲಿ ‘ಅನ್ನು’ ಆಗುವ ದ್ವಿತೀಯಾ ವಿಭಕ್ತಿ ನಿರ್ಜೀವ ವಸ್ತುಗಳ ಮಟ್ಟಿಗೆ ಈ ಕೆಲಸವನ್ನೂ ಮಾಡುತ್ತದೆ. ಮನುಷ್ಯರ ವಿಷಯದಲ್ಲಿ ಹಾಗಲ್ಲ. ‘ಒಬ್ಬ ಹುಡುಗನನ್ನು ಕಂಡೆ’ ಎಂಬಲ್ಲಿ ಹುಡುಗ ಯಾರೋ ಗೊತ್ತಿಲ್ಲದಿದ್ದರೂ ವಿಭಕ್ತಿ ಬೇಕೇ ಬೇಕು. ಹಾಗಾಗಿ ‘ಅನ್ನು’ ಇದ್ದಲ್ಲೆಲ್ಲ ‘ದಿ’ ಎಂಬ ಸೂತ್ರ ನಿಲ್ಲದು. ಆದರೆ ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಭೇದ ಮಾಡುವ ತಿಳಿವಳಿಕೆ ಕಲಿಯುವವನಲ್ಲಿ ಆಗಲೇ ಇದೆ ಎನ್ನುವುದಕ್ಕೆ ಇಷ್ಟು ಸಾಕು. ಇಂಗ್ಲಿಷ್ ಮೇಷ್ಟ್ರುಗಳು ಪಾಠವನ್ನು ಕನ್ನಡದಲ್ಲಿ ಇಲ್ಲದ್ದರಿಂದ ಶುರುಮಾಡದೆ, ಈ ಸ್ಪ್ಯಾನರ್‌ನಿಂದ ಶುರುಮಾಡಲಿ.