ಹಸುರು ಬಾಡಿದ ಹೊಲ, ಕಪ್ಪಾದ ಇರುಳು: ಹಳೆಯ ಚಿತ್ರಗಳು ಮನೆಗೆ ಬಂದ ಬಗೆ

ಹಳೆಯ ಕನ್ನಡ ವರ್ಣಚಿತ್ರವೆಂದರೆ ಇಂದಿನ ಮಕ್ಕಳ ಮನಸ್ಸಿನಲ್ಲಿ ಮೂಡುವ ಬಣ್ಣವೊಂದಿದೆ. ಆಕಾಶ ಬಿಳಿಚಿಕೊಂಡಿರುತ್ತದೆ, ಮರಗಿಡಗಳು ಕಂದಾಗಿರುತ್ತವೆ, ಮುಖಗಳು ಕಾವಿ ಬಳಿದಂತೆ ಕೆಂಪಾಗಿರುತ್ತವೆ. ಆ ಕಾಲದ ಕ್ಯಾಮೆರಾದ ಶಕ್ತಿಯೇ ಅಷ್ಟು ಎಂದು ಅವರು ನಂಬಿದ್ದಾರೆ. ಇತಿಹಾಸದ ದೃಷ್ಟಿಯಿಂದ ಈ ನಂಬಿಕೆ ತಪ್ಪು. ಕ್ಯಾಸೆಟ್ಟು, ಸಿ.ಡಿ.ಗಳ ಮೂಲಕ ನಮ್ಮ ಮನೆಗಳಿಗೆ ಬಂದದ್ದು ಬಹುಪಾಲು ಮೂಲ ಚಿತ್ರವಲ್ಲ. ಅದರ ಸವೆದ ಪ್ರತಿಯಿಂದ ತೆಗೆದ ಮತ್ತೊಂದು ಪ್ರತಿ.

ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ತೆರೆಕಂಡದ್ದು 1964ರಲ್ಲಿ. ಅದು ಈಸ್ಟ್‌ಮನ್ ಕಲರ್ ಚಿತ್ರ. ಈ ಬಗೆಯ ಫಿಲ್ಮಿನಲ್ಲಿ ಮೂರು ಬಣ್ಣಗಳ ಪದರಗಳಿರುತ್ತವೆ: ಸಯಾನ್ ಎಂಬ ಹಸುರು ನೀಲಿ, ಮಜೆಂಟಾ ಎಂಬ ನೇರಳೆಗೆಂಪು ಮತ್ತು ಹಳದಿ. ಆ ಕಾಲದ ಪ್ರತಿಗಳಲ್ಲಿ ಇವುಗಳ ಆಯುಷ್ಯ ಒಂದೇ ಸಮನಾಗಿರಲಿಲ್ಲ. ಡಬ್ಬಿಯ ಕತ್ತಲೆಯಲ್ಲಿ ಇಟ್ಟಿದ್ದರೂ ಸಾಮಾನ್ಯವಾಗಿ ಮೊದಲು ಕ್ಷಯಿಸುತ್ತಿದ್ದುದು ಸಯಾನ್. ಸೆಕೆಯೂ ತೇವವೂ ಕೂಡಿದರೆ ಆ ಕ್ಷಯ ಇನ್ನೂ ಬೇಗ. ಹಸುರು ಕಾಣಬೇಕಾದರೆ ಸಯಾನ್ ಮತ್ತು ಹಳದಿ ಎರಡೂ ಬೇಕು. ಸಯಾನ್ ಹೋದ ಮೇಲೆ ಕಾಡು ಕಾಡಾಗಿ ಉಳಿಯುವುದಿಲ್ಲ. ಚೈತ್ರದ ಬಿಸಿಲಿಗೆ ಒಣಗಿದ ಬೇಣದಂತೆ ಕಾಣುತ್ತದೆ.

ಇದನ್ನು ಕೇವಲ ಅಂದಚೆಂದದ ವಿಷಯವೆಂದು ಭಾವಿಸಬಾರದು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು 1972ರಲ್ಲಿ ನಿರ್ದೇಶಿಸಿದ 'ಬಂಗಾರದ ಮನುಷ್ಯ'ವನ್ನು ನೆನೆಯಿರಿ. ಕಲ್ಲು ತುಂಬಿದ ಬಂಜರು ನೆಲವನ್ನು ಒಬ್ಬ ಮನುಷ್ಯ ದುಡಿದು ಹಸನು ಮಾಡುವುದೇ ಅದರ ಜೀವಾಳ. ಕಂದು ನೆಲ ಹಸುರಾಗುವುದನ್ನು ನೋಡುಗನು ಕಣ್ಣಿನಿಂದಲೇ ಓದಿಕೊಳ್ಳಬೇಕು. ಹಸುರೇ ಅಳಿದ ಪ್ರತಿಯಲ್ಲಿ ಬಂಜರಿಗೂ ಬೆಳೆಗೂ ಅಂತರ ಕುಗ್ಗುತ್ತದೆ. ಸಂಭಾಷಣೆ, ಹಾಡು ಎಲ್ಲವೂ ಇದ್ದು ಕಥೆಯ ಅರ್ಧ ಅರ್ಥವೇ ಹೋಗಿರುತ್ತದೆ.

ಇನ್ನು ಈ ಚಿತ್ರಗಳು ಮನೆಗೆ ಬಂದ ಹಾದಿಯನ್ನು ನೋಡೋಣ. 1982ರಲ್ಲಿ ದೂರದರ್ಶನದ ವರ್ಣ ಪ್ರಸಾರ ಆರಂಭವಾಯಿತು. ಅದೇ ದಶಕದಲ್ಲಿ ವಿಡಿಯೋ ಕ್ಯಾಸೆಟ್ಟುಗಳು ಊರೂರಿಗೆ ಹಬ್ಬಿದವು. ಟೆಲಿಸಿನಿ ಎಂಬ ಯಂತ್ರದ ಮೂಲಕ ಫಿಲ್ಮನ್ನು ಟೇಪಿಗೆ ಇಳಿಸುತ್ತಿದ್ದರು. ನೆಗೆಟಿವ್ ಹುಡುಕಿ ತರುವುದು ದುಬಾರಿಯ ಕೆಲಸ. ಹಲವು ಊರುಗಳ ಟಾಕೀಸುಗಳಲ್ಲಿ ಓಡಿ, ಗೀರುಬಿದ್ದು, ತುಂಡಾಗಿ, ಅಂಟಿಸಿಕೊಂಡ ಪ್ರತಿಯೊಂದು ಕೈಗೆ ಸಿಕ್ಕರೆ ಅದರಲ್ಲಿಯೇ ಕೆಲಸ ಮುಗಿಸಿಬಿಡುತ್ತಿದ್ದರು. ಆ ಟೇಪಿನಿಂದ ಇನ್ನೊಂದು ಟೇಪು, ಅದರಿಂದ ಮತ್ತೊಂದು. ಪ್ರತಿ ಸಲವೂ ಚಿತ್ರ ಮಸುಕಾಗುತ್ತಿತ್ತು. ನಮ್ಮ ಮೂಡಿಗೆರೆ, ಕಳಸದ ಕಡೆಗಂತೂ ಆಷಾಢದ ಜಡಿಮಳೆಯಲ್ಲಿ ಪುಸ್ತಕದ ರಟ್ಟಿಗೂ ಪೆಟ್ಟಿಗೆಯ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಟೇಪನ್ನು ಬಿಟ್ಟೀತೇ? ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಕಿದರೆ ಅದು ಯಂತ್ರಕ್ಕೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಕಾಪಾಡೋಣವೆಂದರೆ ಶಾಖವೂ ಟೇಪಿಗೆ ಶತ್ರುವೇ.

ಬಳಿಕ ವಿ.ಸಿ.ಡಿ. ಬಂದಿತು. ನೋಡಲು ಹೊಳೆಯುವ ತಟ್ಟೆ. ಆದರೆ ಅದರ ಒಂದು ಚೌಕಟ್ಟಿನಲ್ಲಿದ್ದ ಚುಕ್ಕೆಗಳು 352 ಅಡ್ಡ, 288 ಉದ್ದ, ಅಂದರೆ ಒಂದು ಲಕ್ಷಕ್ಕೆ ತುಸು ಹೆಚ್ಚು. ಡಿ.ವಿ.ಡಿ.ಯಲ್ಲಿ ಅದು ನಾಲ್ಕು ಲಕ್ಷ ದಾಟಿತು. ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ. ಒಂದು ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷದಷ್ಟು ಚಿತ್ರವನ್ನು ತುರುಕಬೇಕಾದ್ದರಿಂದ ಸೂಕ್ಷ್ಮ ವಿವರಗಳನ್ನು ಬಿಟ್ಟುಕೊಡಲೇಬೇಕಿತ್ತು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕತ್ತಲೆಯ ದೃಶ್ಯಗಳಿಗೆ.

ನಮ್ಮ ಜಿಲ್ಲೆಯದೇ ನಿದರ್ಶನ ಕೊಡುವೆ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' (1970) ಚಿತ್ರಣಗೊಂಡದ್ದು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ. ಛಾಯಾಗ್ರಾಹಕರು ಆಸ್ಟ್ರೇಲಿಯಾದ ಟಾಮ್ ಕೋವನ್. ಅದು ಕಪ್ಪುಬಿಳುಪಿನ ಚಿತ್ರ. ಕಪ್ಪುಬಿಳುಪಿನಲ್ಲಿ ಬಿಂಬ ನಿಲ್ಲುವುದು ಬೆಳ್ಳಿಯ ಕಣಗಳಿಂದ. ಹೀಗಾಗಿ ಬಣ್ಣದ ಫಿಲ್ಮಿನಂತೆ ಅದು ಕೆಂಪಾಗುವುದಿಲ್ಲ. ಆದರೆ ಅದರ ಸಂಪತ್ತಿರುವುದು ಕಪ್ಪಿಗೂ ಬಿಳುಪಿಗೂ ನಡುವಿನ ನೂರಾರು ಬೂದುಛಾಯೆಗಳಲ್ಲಿ. ಮಲೆನಾಡಿನ ಮನೆಯೊಳಗಿನ ಮಬ್ಬು, ಕಾಡಿನ ಇರುಳು ಇವೆಲ್ಲ ಆ ಛಾಯೆಗಳಿಂದ ಆದವು. ಕಳಪೆ ಪ್ರತಿಯಲ್ಲಿ ಇರುಳೆಲ್ಲ ಮಸಿ, ಹಗಲೆಲ್ಲ ಸುಣ್ಣ. ಅಗ್ರಹಾರದ ಬದುಕನ್ನು ಕಣ್ಣಾರೆ ಕಾಣಬಹುದಾದ ದಾಖಲೆಯೊಂದು ಹೀಗೆ ಬರಿಯ ಮಾತುಗಳ ದಾಖಲೆಯಾಗಿ ಉಳಿಯುತ್ತದೆ.

ಮತ್ತೊಂದು ಹಾನಿ ಚೌಕಟ್ಟಿನದು. ಹಳೆಯ ಚಿತ್ರಗಳು ಬಹುಮಟ್ಟಿಗೆ ಚೌಕಕ್ಕೆ ಹತ್ತಿರವಾದ ಆಕಾರದವು. ಇಂದಿನ ಅಗಲವಾದ ಟಿ.ವಿ.ಗೆ ಅವನ್ನು ಎಳೆದು ಹೊಂದಿಸಿದರೆ ನಾಯಕಿ ಕುಳ್ಳಾಗುತ್ತಾಳೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಹತ್ತಿರಹತ್ತಿರ ಕಾಲುಭಾಗವೇ ಹೋಗುತ್ತದೆ.

ಹಾಗಾದರೆ ಕಪ್ಪುಬಿಳುಪಿಗೆ ಬಣ್ಣ ತುಂಬಿದರೆ ಚಿತ್ರ ಉಳಿದಂತಾಯಿತೇ? 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಹೀಗೆ ಬಣ್ಣ ತಳೆದು ಚಿತ್ರಮಂದಿರಗಳಿಗೆ ಬಂದವು. ರಾಜಕುಮಾರರನ್ನು ದೊಡ್ಡ ತೆರೆಯಲ್ಲಿ ಕಂಡಿರದ ತಲೆಮಾರು ಅವನ್ನು ಕಂಡಿತು; ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಛಾಯಾಗ್ರಾಹಕನು ಬೆಳಕನ್ನು ಹೊಂದಿಸಿದ್ದು ಬೂದುಛಾಯೆಗಳಿಗಾಗಿ. ಬಣ್ಣದ ಆವೃತ್ತಿ ಮೂಲದ ಪಕ್ಕದಲ್ಲಿದ್ದರೆ ಒಳ್ಳೆಯದು, ಮೂಲದ ಪೀಠವನ್ನೇ ಏರಬಾರದು.

ನಿಜವಾದ ಜೀರ್ಣೋದ್ಧಾರ ಹೇಗಿರುತ್ತದೆಂಬುದಕ್ಕೆ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಸಾಕ್ಷಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಹಾಗೂ ವಿದೇಶದ ಸಂಸ್ಥೆಗಳು ಕೂಡಿ ಅದನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವಿಸಿದವು. ನಿರ್ದೇಶಕರೂ ಆ ಕೆಲಸದಲ್ಲಿ ಜೊತೆಗಿದ್ದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಇಲ್ಲಿ ಹೊಸದನ್ನು ಹಚ್ಚಲಿಲ್ಲ; ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು ಹಿಡಿದ ಬೆಳಕಿನ ಮೇಲಿದ್ದ ಕೊಳೆಯನ್ನು ತೆಗೆದರು.

ನೆಗೆಟಿವ್ ಉಳಿದಿತ್ತು, ಆದ್ದರಿಂದ ಚಿತ್ರವೂ ಉಳಿಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ (1934) ಆ ಭಾಗ್ಯವಿಲ್ಲ. ಅದನ್ನು ಇಂದು ಯಾರೂ ನೋಡಲಾರರು. ಇವೆರಡರ ನಡುವೆ ನೂರಾರು ಚಿತ್ರಗಳು ಕಾಯುತ್ತಿವೆ. ಇನ್ನು ಮುಂದೆ ಮಕ್ಕಳೊಂದಿಗೆ ಕುಳಿತು ಹಳೆಯ ಚಿತ್ರ ನೋಡುವಾಗ ಕೆಂಪಡರಿದ ತೋಟವೊಂದು ಕಂಡರೆ, ಅದು ಚಿತ್ರೀಕರಣವಾದ ದಿನ ಹಸುರಾಗಿಯೇ ಇತ್ತೆಂದು ಅವರಿಗೆ ತಿಳಿಸಿ. ಅಷ್ಟು ತಿಳಿದ ಮಗು ನಾಳೆ ಮೂಲ ಪ್ರತಿ ಎಲ್ಲಿದೆಯೆಂದು ಕೇಳಬಹುದು. ಆ ಪ್ರಶ್ನೆ ಕೇಳುವವರು ಹೆಚ್ಚಿದಷ್ಟೂ ಉಳಿದ ಚಿತ್ರಗಳಿಗೆ ಒಳ್ಳೆಯದು.