ಹದಿಮೂರು ವಾರ ಕಳೆದ ಮೇಲೆ

1870ರ ದಶಕದಲ್ಲಿ ನಮ್ಮ ಸೊಲ್ಲಾಪುರಕ್ಕೆ ಬಟ್ಟೆ ಗಿರಣಿ ಬಂತು. ಕನ್ನಡ, ತೆಲುಗು, ಮರಾಠಿ ಮಾತಾಡುವ ಮಂದಿ ಒಂದೇ ಭೋಂಗಾ ಕೇಳಿ ಕೆಲಸಕ್ಕೆ ಓಡಿದರು. ಯಂತ್ರಕ್ಕೆ ಕೈ ಸಿಕ್ಕಿತೋ, ಪಗಾರ ಅಲ್ಲಿಗೆ ನಿಂತಿತು.

ಅದೇ ಕಾಲಕ್ಕೆ ಜರ್ಮನಿಯಲ್ಲಿ ಬಿಸ್ಮಾರ್ಕ್ ಒಂದು ಲೆಕ್ಕ ಹಾಕಿದ. 1883ರ ಕಾಯಿದೆಯಂತೆ ಕಾಯಿಲೆ ಬಿದ್ದ ಕಾರ್ಮಿಕನಿಗೆ 13 ವಾರಗಳವರೆಗೆ ಅರ್ಧ ಕೂಲಿ. ಕೆಲಸದಲ್ಲಿ ಪೆಟ್ಟಾಗಿ ಅಷ್ಟರಲ್ಲಿ ವಾಸಿಯಾಗದಿದ್ದರೆ, 14ನೇ ವಾರದಿಂದ 1884ರ ಅಪಘಾತ ವಿಮೆ. ದುಡಿಯಲು ಪೂರ್ತಿ ಅಸಮರ್ಥನಾದವನಿಗೆ ಕೂಲಿಯ ಮೂರರಲ್ಲಿ ಎರಡು ಪಾಲು. ಬಿಸ್ಮಾರ್ಕ್ ದಯಾಳುವೇನಲ್ಲ. ಕಾರ್ಮಿಕರು ಸಮಾಜವಾದಿಗಳ ಕಡೆ ವಾಲಬಾರದೆಂಬುದು ಅವನ ಹಂಚಿಕೆ. ಆದರೂ ಅಲ್ಪಕಾಲದ ಅಶಕ್ತತೆ ಬೇರೆ, ದೀರ್ಘಕಾಲದ್ದು ಬೇರೆ ಎಂಬ ವಿಂಗಡಣೆ ಅಲ್ಲಿ ಕಾಯಿದೆಯಾಯಿತು.

ನಮ್ಮಲ್ಲಿ 1923ರ ಕಾಯಿದೆ ಗಾಯಗೊಂಡವನಿಗೆ ಪರಿಹಾರ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. ಕೊಡದಿದ್ದರೆ ಅಲೆದಾಟ ಕಾರ್ಮಿಕನದೇ. ಪ್ರೊ. ಬಿ.ಪಿ. ಅಡಾರ್ಕರ್ ಅವರ 1944ರ ವರದಿಯ ಬುನಾದಿಯ ಮೇಲೆ 1948ರಲ್ಲಿ ಇ.ಎಸ್.ಐ. ಕಾಯಿದೆ ಬಂತು, 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಜಾರಿಯಾಯಿತು. ಮಾಲೀಕ, ಕಾರ್ಮಿಕ ಇಬ್ಬರ ವಂತಿಗೆಯಿಂದ ನಡೆಯುವ ವಿಮೆ ಇದು.

ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ, ಶೇ. 70 ಪಗಾರ. ಭಾಗಿಸಿ ನೋಡಿ, ಅದೇ 13 ವಾರ! ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೂ ಶೇ. 90. ಅಂಗವೇ ಹೋದರೆ ದುಡಿಯುವ ಶಕ್ತಿ ಎಷ್ಟು ಕುಂದಿತು ಎಂದು ಅಳೆಯುತ್ತಾರೆ. ಹೆಬ್ಬೆರಳು ಪೂರ್ತಿ ಹೋದರೆ ಪಟ್ಟಿಯ ಪ್ರಕಾರ ಶೇ. 30. ದಿನಕ್ಕೆ 500 ರೂಪಾಯಿ ಪಗಾರದವನಿಗೆ ಗಾಯ ಮಾಯುವವರೆಗೆ ದಿನಕ್ಕೆ 450. ಆಮೇಲೆ ಅದರ ಶೇ. 30, ಅಂದರೆ 135 ರೂಪಾಯಿ, ಬದುಕಿರುವವರೆಗೂ. ಮತ್ತೆ ಕೆಲಸಕ್ಕೆ ಸೇರಿದರೂ ಅದು ನಿಲ್ಲುವುದಿಲ್ಲ. ಇದು ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಆದರೆ ಜತ್ತ, ಅಕ್ಕಲಕೋಟೆ ಕಡೆಯಿಂದ ಕಬ್ಬು ಕಡಿಯಲು ಹೋಗುವ ತಂದೆತಾಯಿಗಳು ಈ ವಿಮೆಯೊಳಗೆ ಬರುವುದಿಲ್ಲ. ಬ್ಯಾಂಕ್ ಖಾತೆಯ ಮೂಲಕ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅವರು ಸೇರಬಹುದು. ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಒಂದು ಕಣ್ಣು, ಕೈ ಅಥವಾ ಕಾಲು ಹೋದರೆ ಒಂದು ಲಕ್ಷ, ಎರಡು ಹೋದರೆ ಎರಡು ಲಕ್ಷ, ಒಂದೇ ಸಲಕ್ಕೆ. ಕೊಯ್ತಾ ತಗುಲಿ ಹೆಬ್ಬೆರಳು ಮಾತ್ರ ಹೋದರೆ ಅದರಲ್ಲಿ ಏನೂ ಸಿಗುವುದಿಲ್ಲ.