ನೀರು ಮೋಟಾರಿಗೆ ನಂಟಾದ ಕಥೆ



ಕರೆಂಟಿಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡವೆಂದು ನಾವೇ ಮಕ್ಕಳನ್ನು ಗದರುತ್ತೇವೆ. ಆದರೂ ನಮ್ಮ ಕೊಳವೆಬಾವಿಯ ಮೋಟಾರು ನೂರಾರು ಅಡಿ ಆಳದ ನೀರಿನಲ್ಲೇ ಮುಳುಗಿ ತಿರುಗುತ್ತದೆ. ಈ ನಂಟು ಬೆಳೆದದ್ದು ಹೇಗೆ?

1889ರಲ್ಲಿ ರಷ್ಯಾದ ದೊಲಿವೊ ದೊಬ್ರೊವೊಲ್‌ಸ್ಕಿ ಎಂಬ ಎಂಜಿನಿಯರ್ ಜರ್ಮನಿಯಲ್ಲಿದ್ದಾಗ ಮೂರು ಫೇಸಿನ ಮೋಟಾರು ರೂಪಿಸಿದರು. ಮೋಟಾರು ಓಡಿದರೆ ಬಿಸಿಯಾಗಲೇಬೇಕು. ಮೊದಮೊದಲು ಅದರ ಮೈ ತೆರೆದೇ ಇರುತ್ತಿತ್ತು, ಗಾಳಿ ಒಳಹೊಕ್ಕು ತಂಪು ಮಾಡುತ್ತಿತ್ತು. ಆದರೆ ಹತ್ತಿಯ ಗಿರಣಿ, ಹಿಟ್ಟಿನ ಗಿರಣಿ, ಸಿಮೆಂಟ್ ಕಾರ್ಖಾನೆಗಳಲ್ಲಿ ಗಾಳಿಯ ಜೊತೆ ಧೂಳೂ ಒಳಗೆ ಹೋಯಿತು. ವೈಂಡಿಂಗಿನ ಮೇಲೆ ಕಂಬಳಿ ಹೊದಿಸಿದಂತೆ ಕೂತಿತು. ಬಿಸಿ 10 ಡಿಗ್ರಿ ಹೆಚ್ಚಾದರೆ ತಂತಿಯ ಹೊದಿಕೆಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬಲ್ಲವರ ಲೆಕ್ಕ.

ಹಾಗಾಗಿ ಮೈಯನ್ನು ಪೂರ್ತಿ ಮುಚ್ಚಿ, ಹಿಂಬದಿಗೆ ಫ್ಯಾನು ಕಟ್ಟಿದರು. ಹೊರಮೈಯ ಏಣುಗಳ ಸಂದಿಗೂ ಧೂಳು ಮೆತ್ತಿಕೊಂಡಿತು. ಕೊನೆಗೆ ಗಣಿಗಳಂಥ ಕಡೆ ಮೋಟಾರಿಗೆ ಇಮ್ಮಡಿ ಗೋಡೆ ಮಾಡಿ, ನಡುವೆ ನೀರು ಹರಿಸಿದರು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹೊರುತ್ತದೆ. ಹೊರಗಿನ ಗಾಳಿಯ ಹಂಗೇ ತಪ್ಪಿತು.

ಇನ್ನೊಂದು ದಾರಿ ತೆರೆದವರು 1893ರಲ್ಲಿ ಟಿಫ್ಲಿಸ್‌ನಲ್ಲಿ ಹುಟ್ಟಿದ ಅರ್ಮಾಯಿಸ್ ಅರುತುನಾಫ್. ಮೋಟಾರಿನೊಳಗೆ ಎಣ್ಣೆ ತುಂಬಿ, ಬಾಯಿ ಬಿಗಿದು, ಬಾವಿಯೊಳಕ್ಕೇ ಇಳಿಸುವ ಉಪಾಯ ಅವರದು. ಅಮೆರಿಕಕ್ಕೆ ಹೋಗಿ, ಒಕ್ಲಹೋಮಾದ ಬಾರ್ಟಲ್ಸ್‌ವಿಲ್‌ನಲ್ಲಿ 1930ರ ಹೊತ್ತಿಗೆ ರೇಡಾ ಕಂಪನಿ ಕಟ್ಟಿದರು. ತೈಲಬಾವಿಯಿಂದ ಮೇಲೇರುವ ದ್ರವವೇ ಮೋಟಾರಿನ ಮೈ ಸವರಿ ಬಿಸಿಯನ್ನು ಒಯ್ಯುತ್ತಿತ್ತು.

ನಿಮ್ಮ ಹೊಲದ ಸಬ್‌ಮರ್ಸಿಬಲ್ಲಿನ ಗುಟ್ಟೂ ಇದೇ. ಕೆಳಗೆ ಮೋಟಾರು, ಮೇಲೆ ಪಂಪು. ನೀರು ಮೋಟಾರನ್ನು ಸವರಿಕೊಂಡೇ ಪಂಪಿನ ಬಾಯಿಗೆ ಏರಬೇಕು. ಜತ್ತ, ರಾಯದುರ್ಗ, ಮಡಕಶಿರದಂಥ ಒಣಸೀಮೆಯಲ್ಲಿ ನೀರು ಕೆಳಗಿಳಿದಾಗ ನಾವು ಪೈಪು ಸೇರಿಸಿ ಮೋಟಾರನ್ನು ತಳಕ್ಕೇ ಇಳಿಸುತ್ತೇವೆ. ಅಲ್ಲಿ ಹೂಳು ಕಾದಿರುತ್ತದೆ. ಗಿರಣಿಯಲ್ಲಿ ಧೂಳು ಮಾಡಿದ್ದನ್ನೇ ಬಾವಿಯಲ್ಲಿ ಹೂಳು ಮಾಡುತ್ತದೆ: ಸುತ್ತ ನೀರಿದ್ದರೂ ಮೋಟಾರು ಸುಡುತ್ತದೆ. ಮೇಲೆತ್ತುವ ಕೂಲಿ, ವೈಂಡಿಂಗಿನ ಖರ್ಚು, ಅಷ್ಟರಲ್ಲಿ ಒಣಗುವ ಬೆಳೆ, ಮೂರೂ ನಮ್ಮ ತಲೆಗೇ.

ಆದ್ದರಿಂದ ತಳದಿಂದ ಅಂತರ ಬಿಟ್ಟು ಮೋಟಾರು ಕೂರಿಸಿರಿ. ನೀರಿನ ಸೆಲೆ ಪಂಪಿಗಿಂತ ಮೇಲಿದ್ದರೆ ಮೋಟಾರಿಗೆ ಕೊಳವೆಯ ಕವಚ ತೊಡಿಸಿರಿ. ಪೈಪಿನಲ್ಲಿ ಗಾಳಿ ಬಂದರೆ ತಡಮಾಡದೆ ನಿಲ್ಲಿಸಿರಿ. ಬಾವಿ ದಣಿದಾಗ ಮೋಟಾರಿಗೂ ಬಿಡುವು ಬೇಕು.